ಪ್ರಿಫಿಕ್ಸ್ ನೋಡಿ ಹೋಲಿಸಬೇಡಿ

ಲೇಖನ ಚೆನ್ನಾಗಿದೆ ಸರ್. ಆದರೆ ಎಕ್ಸ್‌ಎಂಎಲ್ (ಮಾಹಿತಿಯನ್ನು ಹೆಸರಿಟ್ಟ ತುಣುಕುಗಳಾಗಿ ಬರೆದಿಡುವ ಫೈಲ್ ರೂಪ) ಎಲಿಮೆಂಟಿನ, ಅಂದರೆ ಅಂಥ ಒಂದು ತುಣುಕಿನ, ಹೆಸರನ್ನು ಪ್ರಿಫಿಕ್ಸ್ (ಹೆಸರಿಗೆ ಮೊದಲು ಕೋಲನ್ ಜೊತೆ ಬರುವ ಚಿಕ್ಕ ಗುರುತು) ಸಮೇತ ಬರೀ ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು, ಆಗಿ ಹೋಲಿಸಿದರೆ ಸಾಕು ಅಂತ ಬರೆದಿದ್ದೀರಲ್ಲ, ಆ ಸಾಲನ್ನು ದಯವಿಟ್ಟು ತಿದ್ದಿ.

ನಾನು ಧಾರವಾಡದವನು, ಕೆಲಸ ಪುಣೆಯ ಹಿಂಜೆವಾಡಿಯಲ್ಲಿ. ನಮ್ಮ ಕೋಡೂ ಹಾಗೇ ಇತ್ತು. ಬಿಲ್ ಕಳಿಸುವವರು ಒಂದು ದಿನ ಪ್ರಿಫಿಕ್ಸ್ ಬದಲಿಸಿದರು. ಅವರದೇನೂ ತಪ್ಪಿಲ್ಲ, ಪ್ರಿಫಿಕ್ಸ್ ಸೂಚಿಸುವ ನೇಮ್‌ಸ್ಪೇಸ್ ಯುಆರ್‌ಐ (ಹೆಸರು ಯಾವ ಗುಂಪಿಗೆ ಸೇರಿದ್ದು ಎಂದು ತಿಳಿಸುವ, ವೆಬ್ ವಿಳಾಸದಂಥ ಗುರುತು) ಮೊದಲಿನದೇ. ನಮ್ಮ ಪ್ರೋಗ್ರಾಂ ಮಾತ್ರ ಒಂದು ಬಿಲ್ಲನ್ನೂ ಗುರುತಿಸಲಿಲ್ಲ, ಎರರ್ ಕೂಡ ಕೊಡಲಿಲ್ಲ. ಗೊತ್ತಾಗುವಷ್ಟರಲ್ಲಿ ಎರಡು ದಿನದ ಬಿಲ್ ಬಾಕಿ ಬಿದ್ದಿದ್ದವು. ಆ ಶನಿವಾರ ಊರಿಗೆ ಹೊರಟಿದ್ದವನು ಟಿಕೆಟ್ ರದ್ದು ಮಾಡಿ ಕೂತೆ.

1999ರ ನೇಮ್‌ಸ್ಪೇಸ್ ನಿಯಮದಂತೆ ಯುಆರ್‌ಐ ಮತ್ತು ಪ್ರಿಫಿಕ್ಸ್ ಬಿಟ್ಟ ಹೆಸರು, ಎರಡೂ ಹೊಂದಿದರಷ್ಟೇ ಎಲಿಮೆಂಟಿನ ಹೆಸರು ಒಂದೇ. ಜಾವಾ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇಂಥ ಹೆಸರುಗಳಿಗೆಂದೇ ಇರುವ ಕ್ಯೂನೇಮ್ ಕ್ಲಾಸಿನಲ್ಲಿ ಹೋಲಿಸುವ ಕೆಲಸ ಮಾಡುವ ಈಕ್ವಲ್ಸ್ ಕೂಡ ಪ್ರಿಫಿಕ್ಸನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಯುಆರ್‌ಐ ಅಕ್ಷರಕ್ಕೆ ಅಕ್ಷರ ಕೂಡಬೇಕು, ಕೊನೆಯಲ್ಲಿ ಒಂದು ಸ್ಲ್ಯಾಶ್ ಹೆಚ್ಚಾದರೂ ಅದು ಬೇರೆಯೇ. ದೊಡ್ಡಕ್ಷರ ಸಣ್ಣಕ್ಷರವೂ ಅಷ್ಟೇ.

ಕನ್ನಡದಲ್ಲೇ ಎಲಿಮೆಂಟ್ ಹೆಸರಿಡುವವರಿಗೆ ಇನ್ನೊಂದು ಮಾತು. ‘ಕೊನೆ’ ಎಂದು ಬರೆಯುವಾಗ ಒಕಾರದ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಇಡಬಹುದು, ಎತ್ವ ಮತ್ತು ಕೊಂಬಿನ ದೀರ್ಘ ಎಂದು ಎರಡಾಗಿಯೂ ಇಡಬಹುದು. ಪರದೆಯ ಮೇಲೆ ಕಣ್ಣಿಗೆ ಒಂದೇ. ಎಕ್ಸ್‌ಎಂಎಲ್ ಪಾಲಿಗೆ ಅವು ಎರಡು ಹೆಸರು, ಅದು ತಾನಾಗಿ ಸರಿಪಡಿಸಿಕೊಳ್ಳುವುದಿಲ್ಲ. ಫೈಲ್ ಬರೆಯುವಾಗಲೇ ಎಲ್ಲರೂ ಒಂದೇ ರೂಪ ಬಳಸಿ.