ಸಾವಿರ ಸಬ್‌ಸ್ಕ್ರೈಬರ್ ಆದ್ರೆ ಕೆಲಸ ಬಿಡಬಹುದಾ? ಒಂದು ಸ್ಪಷ್ಟನೆ

‘ಯೂಟ್ಯೂಬ್‌ನಲ್ಲಿ 1,000 ಸಬ್‌ಸ್ಕ್ರೈಬರ್ ಆದ ಕೂಡಲೇ ತಿಂಗಳು ತಿಂಗಳು ಸಂಬಳ ಬರುತ್ತೆ, ಕೆಲಸ ಬಿಟ್ಟು ವಿಡಿಯೊ ಮಾಡಿ’ ಎಂಬ ಮಾತು ಎಲ್ಲೆಡೆ ಹರಿದಾಡುತ್ತಿದೆ. ಇದು ನಿಜವಲ್ಲ. ಇದನ್ನು ನಂಬಿ ಯಾರೂ ರಾಜೀನಾಮೆ ಕೊಡಬೇಡಿ.

ಜಾಹೀರಾತಿನ ಹಣ ಬರಲು 1,000 ಸಬ್‌ಸ್ಕ್ರೈಬರ್ ಜೊತೆಗೆ ಕಳೆದ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಬೇಕು. ಇಲ್ಲವೇ 90 ದಿನಗಳಲ್ಲಿ ಶಾರ್ಟ್ಸ್‌ಗೆ (ಯೂಟ್ಯೂಬ್‌ನ ಪುಟ್ಟ ವಿಡಿಯೊಗಳಿಗೆ) 1 ಕೋಟಿ ವೀಕ್ಷಣೆ. ಶಾರ್ಟ್ಸ್ ಫೀಡ್‌ನಲ್ಲಿ ನೋಡಿದ ಸಮಯ ಆ 4,000 ಗಂಟೆಗೆ ಸೇರುವುದಿಲ್ಲ. ಇದು ಬಹಳ ಜನಕ್ಕೆ ಗೊತ್ತೇ ಇಲ್ಲ.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. 4,000 ಗಂಟೆ ಅಂದ್ರೆ 2,40,000 ನಿಮಿಷ. ಐದು ನಿಮಿಷದ ವಿಡಿಯೊವನ್ನು ಜನ ಸರಾಸರಿ ಎರಡು ನಿಮಿಷ ನೋಡಿದರೆ 1,20,000 ವೀಕ್ಷಣೆ ಬೇಕಾಯ್ತು. ಅಷ್ಟಾದರೂ ಅದು ಬಾಗಿಲು ತೆರೆದಂತೆ ಅಷ್ಟೇ, ಸಂಬಳ ಅಲ್ಲ.

ಆಮೇಲೂ ಮಾಮೂಲಿ ವಿಡಿಯೊದ ಜಾಹೀರಾತು ಆದಾಯದಲ್ಲಿ ನಿಮಗೆ 55% ಪಾಲು. ಅದು ತಿಂಗಳಿಂದ ತಿಂಗಳಿಗೆ ಏರುಪೇರಾಗುತ್ತೆ. ವಿಷಯ ಯಾವುದು, ನೋಡುವವರು ಯಾವ ದೇಶದವರು ಅನ್ನೋದರ ಮೇಲೂ ಜಾಸ್ತಿ ಕಡಿಮೆ ಆಗುತ್ತೆ.

ಹಾಗಂತ ‘ಹವ್ಯಾಸಕ್ಕೆ ಮಾಡೋದು ಸುಮ್ನೆ ದಂಡ’ ಎನ್ನುವುದೂ ತಪ್ಪು. ಸಂಜೆ ಹೊತ್ತು ಖುಷಿಗೆ ಎಡಿಟಿಂಗ್ ಮಾಡುವವರು ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲ ಅಲ್ವಾ? ವೃತ್ತಿ ಮಾಡಿಕೊಳ್ಳುವ ಆಸೆಯಿದ್ದರೆ ಈಗಿನ ಕೆಲಸ ಇಟ್ಟುಕೊಂಡೇ ಶುರು ಮಾಡಿ. ಮನೆ ಖರ್ಚಿಗೆ ಸಾಕಾಗುವಷ್ಟು ಹಣ ಹಲವು ತಿಂಗಳು ಬಿಡದೆ ಬಂದ ಮೇಲೆ ರಾಜೀನಾಮೆಯ ಯೋಚನೆ ಮಾಡಿ.