ಹ್ಯಾಂಡಲ್ ನಡುಗಿದರೆ ಮೊದಲೇ ಕೋನ್ ಸೆಟ್ಟಿಗೆ ಕೈ ಹಾಕಿಸಬೇಡಿ

"ಅರವತ್ತು ದಾಟಿದ್ರ ಹ್ಯಾಂಡಲ್ ನಡಗತೈತ್ರಿ" ಅಂತ ಬೈಕ್ ಗ್ಯಾರೇಜಿನಲ್ಲಿ ಹೇಳಿ ನೋಡಿ. ಬಹಳ ಕಡೆ ಪಾನಾ ನೇರವಾಗಿ ಹೋಗುವುದು ಕೋನ್ ಸೆಟ್ಟಿನ, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗಿನ, ನಟ್ಟಿಗೆ. ಬಿಗಿ ಮಾಡಿ, "ಆತ್ ನೋಡ್ರಿ, ಇನ್ನ ಏನೂ ಆಗೂದಿಲ್ಲ" ಅಂತ ಕಳಿಸುತ್ತಾರೆ. ಟೈರ್ ಮುಟ್ಟಿ ನೋಡಿರುವುದಿಲ್ಲ, ಗಾಲಿ ತಿರುಗಿಸಿ ನೋಡಿರುವುದಿಲ್ಲ. ಅದೇ ಗಾಡಿ ಮರುದಿನ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹಾವೇರಿ ಕಡೆ ಹೈವೇ ಹತ್ತುತ್ತದೆ. ನನಗೆ ಸಿಟ್ಟು ಬರುವುದೇ ಇದಕ್ಕೆ.

ಕೋನ್ ಸೆಟ್ ಸಡಿಲವಾದರೆ ಹ್ಯಾಂಡಲ್ ನಡುಗುತ್ತದೆ, ನಿಜ. ಆದರೆ ಅತಿಯಾಗಿ ಬಿಗಿ ಮಾಡಿದರೆ ಇನ್ನೊಂದು ರೋಗ ಶುರು. ಓಡುವ ಗಾಡಿ ತನ್ನಷ್ಟಕ್ಕೆ ತಾನೇ ನೆಟ್ಟಗಾಗುತ್ತಿರಬೇಕು. ಬಿಗಿಯಾದ ಹ್ಯಾಂಡಲ್ ಅದಕ್ಕೆ ಬಿಡುವುದಿಲ್ಲ. ನಿಧಾನ ಹೋಗುವಾಗಲೂ ಗಾಡಿ ಅತ್ತಿತ್ತ ಹೊಯ್ದಾಡುತ್ತದೆ, ಬಾಲ್‌ಗಳು ತಾವು ಉರುಳುವ ಬಳೆಯಲ್ಲಿ, ಅಂದರೆ ರೇಸಿನಲ್ಲಿ, ಗುಳಿ ಬೀಳಿಸುತ್ತವೆ.

ಹಾಗಾಗಿ ಮೊದಲು ತಿಳಿಯಬೇಕಾದದ್ದು ನಡುಕ ಮುಂದಿನದೋ ಹಿಂದಿನದೋ ಅಂತ. ಹ್ಯಾಂಡಲ್ ಎಡಬಲಕ್ಕೆ ಪಟಪಟ ಹೊಡೆದುಕೊಂಡರೆ ಅದು ವಾಬಲ್, ಸೆಕೆಂಡಿಗೆ ಸುಮಾರು 4ರಿಂದ 10 ಸಲ. ಇಡೀ ಗಾಡಿ ಸೊಂಟದಿಂದ ಜೋಲಿ ಹೊಡೆದಂತಾದರೆ ಅದು ವೀವ್, ಸೆಕೆಂಡಿಗೆ ಎರಡು ಮೂರು ಸಲ. "ಅರವತ್ತರಾಗ ನಡಗತೈತಿ, ಎಂಬತ್ತಕ್ಕ ಹೋದ್ರ ನಿಲ್ಲತೈತಿ" ಅಂತ ಕೆಲವರು ಹೇಳುತ್ತಾರಲ್ಲ, ಅದಕ್ಕೂ ಲೆಕ್ಕ ಇದೆ. 18 ಇಂಚಿನ ಗಾಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಹೆಚ್ಚೂಕಡಿಮೆ 9 ಸುತ್ತು ತಿರುಗುತ್ತದೆ. ಗಾಲಿಯಲ್ಲಿ ಸೊಟ್ಟ ಇದ್ದರೆ ಹ್ಯಾಂಡಲಿಗೆ ಸೆಕೆಂಡಿಗೆ ಒಂಬತ್ತು ಪೆಟ್ಟು. ಹ್ಯಾಂಡಲಿನ ಸ್ವಂತ ನಡುಕದ ತಾಳಕ್ಕೆ ಅದು ಕೂಡಿಬಿಟ್ಟರೆ ನಡುಕ ಏರುತ್ತಲೇ ಹೋಗುತ್ತದೆ. ಎಂಬತ್ತಕ್ಕೆ ನಿಂತಿತು ಅಂದರೆ ದೋಷ ಹೋಯಿತು ಅಂತಲ್ಲ, ತಾಳ ತಪ್ಪಿತು ಅಷ್ಟೇ.

ಆದ್ದರಿಂದ ಗಾಲಿಯಿಂದಲೇ ಶುರು ಮಾಡಿ. ಟೈರ್ ತಣ್ಣಗಿದ್ದಾಗ ಗಾಳಿ ನೋಡಿಸಿ, ಎಷ್ಟಿರಬೇಕು ಅಂತ ಗಾಡಿಯ ಸ್ಟಿಕರಿನಲ್ಲೇ ಇರುತ್ತದೆ. ಆಮೇಲೆ ಮುಂದಿನ ಗಾಲಿ ಎತ್ತಿ ತಿರುಗಿಸಿ, ಗಾಲಿಯನ್ನು ಎರಡೂ ಬದಿಯಿಂದ ಹಿಡಿದಿರುವ ಫೋರ್ಕಿಗೆ ಒಂದು ಪೆನ್ನು ಹಿಡಿದು ರಿಮ್ ಎಷ್ಟು ಓಲಾಡುತ್ತದೆ ನೋಡಿ. ನಮ್ಮ ಅಣ್ಣನ ಮಗನ ಗಾಡಿಗೆ ಒಂದು ಗ್ಯಾರೇಜಿನವರು ಹೊಸ ಕೋನ್ ಸೆಟ್ಟನ್ನೇ ಹಾಕಿದ್ದರು, ನಡುಕ ಹಾಗೇ ಇತ್ತು. ಗಾಲಿ ತಿರುಗಿಸಿದರೆ ರಿಮ್ ನೆಟ್ಟಗಿದೆ, ಟೈರ್ ಮಾತ್ರ ಒಂದು ಕಡೆ ಏರಿ ಇಳಿಯುತ್ತಿದೆ. ಟೈರಿನ ಪಕ್ಕದಲ್ಲಿ ರಿಮ್ಮಿಗೆ ಹತ್ತಿಕೊಂಡೇ ಸುತ್ತಲೂ ಒಂದು ಸಣ್ಣ ಗೆರೆ ಇರುತ್ತದೆ. ಅದು ರಿಮ್ಮಿನಿಂದ ಎಲ್ಲಾ ಕಡೆ ಒಂದೇ ಸಮ ಕಾಣಬೇಕು. ಇದರಲ್ಲಿ ಒಂದು ಗೇಣಿನಷ್ಟು ಉದ್ದ ಗೆರೆ ರಿಮ್ಮಿನೊಳಗೆ ಮುಳುಗಿಹೋಗಿತ್ತು. ಪಂಕ್ಚರ್ ಹಾಕಿದಾಗ ಟೈರ್ ಸರಿಯಾಗಿ ಕೂತೇ ಇರಲಿಲ್ಲ. ಗಾಳಿ ಬಿಟ್ಟು, ಅಂಚಿಗೆ ಸೋಪಿನ ನೀರು ಸವರಿ ಮತ್ತೆ ಗಾಳಿ ತುಂಬಿಸಿದಾಗ ಟಪ್ ಅಂತ ಕೂತಿತು, ನಡುಕವೂ ಹೋಯಿತು. ಕೋನ್ ಸೆಟ್ಟಿನ ದುಡ್ಡು ಸುಮ್ಮನೆ ದಂಡ.

ಗಾಲಿ ಸರಿ ಇದ್ದರೆ ಕೋನ್ ಸೆಟ್ ನೋಡಿ. ಮುಂಗಾಲಿ ಎತ್ತಿ, ಫೋರ್ಕಿನ ಬುಡ ಹಿಡಿದು ಹಿಂದೆ ಮುಂದೆ ಜಗ್ಗಿ. ಟಕ್ ಅಂದರೆ ಸಡಿಲ. ಹ್ಯಾಂಡಲ್ ನಿಧಾನ ತಿರುಗಿಸುವಾಗ ನಟ್ಟನಡುವೆ ಬಂದು ಕಚ್ಚಿಕೊಂಡರೆ ರೇಸಿನಲ್ಲಿ ಗುಳಿ ಬಿದ್ದಿದೆ. ಗುಂಡಿಗೆ ಗಾಡಿ ಬೀಳುವುದು ಹೆಚ್ಚಾಗಿ ಹ್ಯಾಂಡಲ್ ನೆಟ್ಟಗಿದ್ದಾಗಲೇ, ಅದಕ್ಕೇ ಗುಳಿ ನಡುವೆ. ಅದನ್ನು ಬದಲಿಸಲೇಬೇಕು, ಬಿಗಿ ಮಾಡಿದರೆ ಹೋಗುವುದಿಲ್ಲ.

ಜೋಲಿ ಹೊಡೆಯುವ ಗಾಡಿಗೆ ಹಿಂದಿನ ಗಾಲಿ ಅಡ್ಡಡ್ಡ ಅಲುಗಿಸಿ ನೋಡಿ. ಅಲುಗಿದರೆ ಬೇರಿಂಗ್, ಇಲ್ಲವೇ ಹಿಂದಿನ ಗಾಲಿ ಹಿಡಿದಿರುವ ತೋಳಿನ, ಅಂದರೆ ಸ್ವಿಂಗ್ ಆರ್ಮಿನ, ಬುಷ್ ಸವೆದಿದೆ. ಚೈನ್ ಬಿಗಿ ಮಾಡಿಸಿದ ಮೇಲೆ ಶುರುವಾಗಿದ್ದರೆ ಅಲೈನ್‌ಮೆಂಟ್. ಅಂದರೆ ಹಿಂದಿನ ಗಾಲಿ ಮುಂದಿನದರ ನೇರಕ್ಕಿಲ್ಲ. ಚೈನ್ ಬಿಗಿ ಮಾಡುವ ಜಾಗದ ಗುರುತುಗಳನ್ನೇ ನಂಬಬೇಡಿ, ಹಿಂದಿನ ಟೈರಿನ ಎರಡೂ ಬದಿಗೆ ದಾರ ತಾಗಿಸಿ ಮುಂದಿನ ಟೈರಿನವರೆಗೆ ಎಳೆದು ಹಿಡಿಯಿರಿ, ಎರಡು ಕಡೆ ಸಂದು ಸಮ ಇರಬೇಕು. ಹಿಂದಿನ ಕ್ಯಾರಿಯರಿನಲ್ಲಿ ಹಾಲಿನ ಕ್ಯಾನೋ ಚೀಲವೋ ಹೇರಿದ್ದರೆ ಮುಂಗಾಲಿ ಹಗುರಾಗಿಯೂ ಗಾಡಿ ತೇಲುತ್ತದೆ. ಅಣ್ಣಿಗೇರಿ ಮೇಲಿಂದ ಗದಗಕ್ಕೆ ಹೋಗುವವರಿಗೆ ಇದು ಚೆನ್ನಾಗಿ ಗೊತ್ತು. ಎರೆ ಭೂಮಿ ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುವುದರಿಂದ ಅದರ ಮೇಲಿನ ರಸ್ತೆ ಅಲೆಯಾಗುತ್ತದೆ, ಅದರ ಮೇಲೆ ಆಷಾಢದ ಅಡ್ಡಗಾಳಿ. ಹ್ಯಾಂಡಲಿಗೆ ಗಾಳಿ ತಡೆಯುವ ದೊಡ್ಡ ಗ್ಲಾಸು ಹಾಕಿಸಿಕೊಂಡವರಂತೂ ಆ ಗಾಳಿಯನ್ನೆಲ್ಲ ಹ್ಯಾಂಡಲಿಗೇ ಕಟ್ಟಿಕೊಂಡ ಹಾಗೆ.

ಹ್ಯಾಂಡಲಿನ ಅಲುಗಾಟ ತಡೆಯುವ ಸ್ಟೀರಿಂಗ್ ಡ್ಯಾಂಪರ್ ಹಾಕಿಸಿ ಅಂತ ಯೂಟ್ಯೂಬ್ ನೋಡಿ ಬಂದ ಹುಡುಗರು ಹೇಳುತ್ತಾರೆ. ದೋಷವಿರುವ ನಮ್ಮ ದಿನಬಳಕೆಯ ಗಾಡಿಗೆ ಅದು ಬೇಡವೇ ಬೇಡ. ಅದು ನಡುಕವನ್ನು ಮುಚ್ಚಿಡುತ್ತದೆ, ಒಳಗೆ ಬೇರಿಂಗ್ ಸವೆಯುವುದು ನಿಲ್ಲುವುದಿಲ್ಲ.

ಓಡುತ್ತಿರುವಾಗಲೇ ನಡುಕ ಬಂದರೆ ಹ್ಯಾಂಡಲನ್ನು ಗಟ್ಟಿಯಾಗಿ ಅಮುಕಿ ಹಿಡಿಯಬೇಡಿ, ಬಿಗಿದ ತೋಳು ನಡುಕವನ್ನು ಹೆಚ್ಚಿಸಬಹುದು. ಮುಂದಿನ ಬ್ರೇಕ್ ಜೋರಾಗಿ ಒತ್ತಲೂಬೇಡಿ. ಮೊಣಕಾಲಿನಿಂದ ಟ್ಯಾಂಕ್ ಅವುಚಿ, ಮೈ ಸ್ವಲ್ಪ ಮುಂದೆ ಬಾಗಿಸಿ, ಎಕ್ಸಿಲೇಟರ್ ಮೆಲ್ಲಗೆ ಬಿಡಿ, ವೇಗ ತಾನಾಗಿ ಇಳಿಯಲಿ. ಗಾಡಿ ನಿಲ್ಲಿಸಿದ ಮೇಲೆ ಮೊದಲು ಎರಡೂ ಟೈರ್ ಮುಟ್ಟಿ ನೋಡಿ. ರಿಪೇರಿ ಮಾಡಿಸುವಾಗ ಒಂದೊಂದೇ ಕೆಲಸ ಮಾಡಿಸಿ, ಪ್ರತಿ ಸಲ ಓಡಿಸಿ ನೋಡಿ, ಆಗಲೇ ಯಾವುದರಿಂದ ಸರಿಹೋಯಿತು ಅಂತ ನಿಮಗೂ ಮೆಕ್ಯಾನಿಕ್‌ಗೂ ಗೊತ್ತಾಗುವುದು. ನಡುಕ ಹೋಯಿತೋ ಇಲ್ಲವೋ ನೋಡಲು ದಯವಿಟ್ಟು ಯಾರೂ ಎರಡೂ ಕೈ ಬಿಟ್ಟು ಓಡಿಸಬೇಡಿ.