ಪರ-ವಿರೋಧ: ಕಾಲೇಜಿನಲ್ಲಿ ಓದಿದ ಡಿಕನ್ಸ್‌ನನ್ನು ನಡುವಯಸ್ಸಿನಲ್ಲಿ ಮತ್ತೆ ಓದಬೇಕೇ?

ಪರ: ಇದು ದೊಡ್ಡವರ ಪುಸ್ತಕ, ದೊಡ್ಡವರಾದ ಮೇಲೇ ಸಿಗುವುದು

ಡಿಕನ್ಸ್‌ನ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್' ಕಾದಂಬರಿ ಅಂದ ಕೂಡಲೇ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗುವುದು ಅದೇ ನಾಲ್ಕು ಚಿತ್ರಗಳು. ಸಮಾಧಿಗಳ ನಡುವೆ ಕಥಾನಾಯಕ ಪಿಪ್ ಅನ್ನುವ ಹುಡುಗನನ್ನು ಹಿಡಿದು ಬೆದರಿಸುವ ಕೈದಿ ಮ್ಯಾಗ್‌ವಿಚ್. ಮದುವೆಯ ದಿನವೇ ವರ ಕೈಕೊಟ್ಟದ್ದಕ್ಕೆ ಮದುವೆಯ ಉಡುಪು ಬಿಚ್ಚದೆ ವರ್ಷಗಟ್ಟಲೆ ಕೂತ ಮಿಸ್ ಹ್ಯಾವಿಶಾಮ್. ಒಂಬತ್ತಕ್ಕೆ ಇಪ್ಪತ್ತು ನಿಮಿಷ ಇರುವಾಗ ನಿಲ್ಲಿಸಿದ ಗಡಿಯಾರಗಳು. ಹ್ಯಾವಿಶಾಮ್ ಸಾಕಿದ, ಪಿಪ್ ಮನಸೋತ ಸೊಕ್ಕಿನ ಎಸ್ಟೆಲ್ಲಾ. ನಮ್ಮ ಪಿಯುಸಿ ನಾನ್-ಡಿಟೇಲ್ ಪುಸ್ತಕದಲ್ಲಿ ಇದ್ದದ್ದೂ ಇಷ್ಟೇ. 59 ಅಧ್ಯಾಯಗಳ ಕಾದಂಬರಿಯನ್ನು ಹಿಂಡಿ ತೆಳ್ಳಗೆ ಮಾಡಿದ್ದರು. 'ಮ್ಯಾಗ್‌ವಿಚ್ ಪಾತ್ರಚಿತ್ರಣ' ಬಾಯಿಪಾಠ ಮಾಡಿದೆವು, ಬರೆದೆವು, ಮರೆತೆವು.

ಮತ್ತೆ ಓದಿ ಅಂತ ಹೇಳಲು ನನ್ನ ಹತ್ತಿರ ಒಂದೇ ದೊಡ್ಡ ಕಾರಣ ಇದೆ. ಈ ಕಥೆ ಹೇಳುತ್ತಿರುವವನು ಹುಡುಗ ಅಲ್ಲ. ಹೊರದೇಶದಲ್ಲಿ ಹನ್ನೊಂದು ವರ್ಷ ದುಡಿದು, ತಾನು ಯಾರಿಗೆ ಏನು ಮಾಡಿದೆ ಅನ್ನುವುದೆಲ್ಲ ತಿಳಿದ ಮೇಲೆ ಹಿಂದಕ್ಕೆ ತಿರುಗಿ ನೋಡುತ್ತಿರುವ ಗಂಡಸು. ಅದನ್ನು ಬರೆಯಲು ಕೂತಾಗ ಡಿಕನ್ಸ್‌ಗೆ 48 ವರ್ಷ. ಹದಿನೇಳರಲ್ಲಿ ಓದಿದಾಗ ನಮಗೆ ಕಾಣುವವನು ಹುಡುಗ ಪಿಪ್ ಒಬ್ಬನೇ. ಪ್ರತಿ ಪುಟದಲ್ಲೂ ಅವನ ಹಿಂದೆ ನಿಂತು ಮಾತಾಡುತ್ತಿರುವ ದೊಡ್ಡವನ ದನಿ ಕಿವಿಗೆ ಬೀಳುವುದೇ ಇಲ್ಲ. ಬೀಳುವುದಕ್ಕೆ ನಮಗೂ ವಯಸ್ಸಾಗಬೇಕು.

27ನೇ ಅಧ್ಯಾಯ ತೆಗೆದು ನೋಡಿ. ಪಿಪ್ ಈಗ ಯಾರೋ ಗುಟ್ಟಾಗಿ ಕೊಡುವ ದುಡ್ಡಿನಲ್ಲಿ ಲಂಡನ್ನಿನಲ್ಲಿ ದೊಡ್ಡ ಮನುಷ್ಯನಾಗುವ ದಾರಿಯಲ್ಲಿದ್ದಾನೆ. ಅವನನ್ನು ಸಾಕಿದ ಭಾವ ಜೋ, ಹಳ್ಳಿಯ ಕಮ್ಮಾರ, ನೋಡಲು ಬರುತ್ತಿದ್ದಾನೆ. ದುಡ್ಡು ಕೊಟ್ಟು ಈ ಭೇಟಿ ತಪ್ಪಿಸಬಹುದಾಗಿದ್ದರೆ ಖಂಡಿತ ಕೊಡುತ್ತಿದ್ದೆ ಅನ್ನುತ್ತಾನೆ ಪಿಪ್. ಜೋ ಬಾಗಿಲಲ್ಲೇ ನಿಂತು ಕಾಲು ಒರೆಸುತ್ತಾನೆ, ಒರೆಸುತ್ತಲೇ ಇರುತ್ತಾನೆ. ಒಳಗೆ ಬಂದವನು ಟೋಪಿ ಕೊಡಲು ಒಪ್ಪುವುದಿಲ್ಲ, ಎರಡೂ ಕೈಯಲ್ಲಿ ಜೋಪಾನವಾಗಿ ಹಿಡಿದುಕೊಳ್ಳುತ್ತಾನೆ. ಆಮೇಲೆ ಅಗ್ಗಿಷ್ಟಿಕೆ ಮೇಲಿನ ಹಲಗೆಯ ತುದಿಯಲ್ಲಿ ಇಡುತ್ತಾನೆ. ಅದು ಬೀಳುತ್ತದೆ. ಹಿಡಿದು ಮತ್ತೆ ಇಡುತ್ತಾನೆ. ಮತ್ತೆ ಬೀಳುತ್ತದೆ. ಎದುರಿಗೆ ಕೂತವನು ತಾನೇ ಎತ್ತಿ ಬೆಳೆಸಿದ ಹುಡುಗ, ಅವನನ್ನೇ 'ಸರ್' ಅನ್ನುತ್ತಾನೆ. ಕಾಲೇಜಿನಲ್ಲಿ ಇದನ್ನು ಓದಿದವರು ಟೋಪಿಗೆ ನಗುತ್ತಾರೆ. ನಲವತ್ತು ದಾಟಿದವರಿಗೆ ಪಿಪ್‌ನ ಮುಖ ಕಾಣುತ್ತದೆ.

ಇಲ್ಲಿ ನಮ್ಮ ಅಮ್ಮನ ವಿಷಯ ಹೇಳಲೇಬೇಕು. ಅಮ್ಮನಿಗೆ ಕಣ್ಣಿನ ಪೊರೆ ಆಪರೇಷನ್ ಆಗಿತ್ತು. ಟಿವಿ ನೋಡುವ ಹಾಗಿಲ್ಲ, ಓದುವ ಹಾಗಿಲ್ಲ. ವಾರಪತ್ರಿಕೆ ಧಾರಾವಾಹಿ ಒಂದನ್ನೂ ಬಿಡದೆ ಓದುತ್ತಾ ಬಂದ ಹೆಂಗಸು, ಸುಮ್ನೆ ಕೂತಿರುವುದು ಆಗಲಿಲ್ಲ. "ನೀನು ಏನೋ ದಪ್ಪ ಪುಸ್ತಕ ಓದ್ತಿದ್ದೀಯಲ್ಲ, ಅದನ್ನೇ ಹೇಳು" ಅಂದರು. ದಿನಾ ಮಧ್ಯಾಹ್ನ ಊಟ ಆದ ಮೇಲೆ ಒಂದಿಷ್ಟು ಹೇಳುತ್ತಾ ಹೋದೆ. ಈ ಕಾದಂಬರಿ ಹುಟ್ಟಿದ್ದೂ ಹಾಗೇ ಅಲ್ವಾ? 1860ರ ಡಿಸೆಂಬರ್ 1ರಿಂದ 1861ರ ಆಗಸ್ಟ್ 3ರವರೆಗೆ, ಡಿಕನ್ಸ್ ತಾನೇ ನಡೆಸುತ್ತಿದ್ದ 'ಆಲ್ ದಿ ಇಯರ್ ರೌಂಡ್' ವಾರಪತ್ರಿಕೆಯಲ್ಲಿ ವಾರ ವಾರ ಬಂತು. ಮನೆಯಲ್ಲಿ ಒಬ್ಬರು ಓದಿ ಉಳಿದವರು ಕೇಳುವ ಕಾಲ ಅದು.

ಹ್ಯಾವಿಶಾಮ್ ಬಗ್ಗೆ ಅಮ್ಮ ಹೆಚ್ಚು ಮಾತಾಡಲಿಲ್ಲ. "ಪಾಪ, ಅವಳಿಗೆ ಹೇಳೋರು ಯಾರೂ ಇರಲಿಲ್ಲ" ಅಂದರು, ಮುಗಿಯಿತು. ಜೋ ಬಂದ ದಿನ ಮಾತ್ರ ಎದ್ದು ಕೂತರು. ಕಾಫಿನಾ ಟೀನಾ ಅಂತ ಪಿಪ್‌ನ ಗೆಳೆಯ ಹರ್ಬರ್ಟ್ ಕೇಳುತ್ತಾನೆ. ನಿಮಗೆ ಯಾವುದು ಅನುಕೂಲವೋ ಅದೇ ಆಗಲಿ ಅನ್ನುತ್ತಾನೆ ಜೋ. ಹಾಗಾದರೆ ಕಾಫಿ ಅಂದರೆ ಮುಖ ಸಪ್ಪಗಾಗುತ್ತದೆ. ಬೇಡ ಅನ್ನದೆ, ಕಾಫಿ ಸ್ವಲ್ಪ ಉಷ್ಣ ಅಲ್ಲವೇ ಅಂತ ಮೆತ್ತಗೆ ಕೇಳುತ್ತಾನೆ. "ನೋಡು, ಟೀ ಬೇಕು ಅಂತ ಬಾಯಿಬಿಟ್ಟು ಕೇಳಕ್ಕೆ ಸಂಕೋಚ. ನಿಮ್ಮ ದೊಡ್ಡಪ್ಪ ಥೇಟ್ ಹೀಗೇ" ಅಂದರು ಅಮ್ಮ. ಮಾರನೆಯ ದಿನ ಪಿಪ್ ಊರಿಗೆ ಹೋದ ಭಾಗ ಹೇಳಿದೆ. ಎಸ್ಟೆಲ್ಲಾಳನ್ನು ನೋಡಲು ಹೋದವನು ಜೋ ಮನೆಯಲ್ಲಿ ಉಳಿಯದೆ, ತನಗೆ ತಾನೇ ಏನೇನೋ ಸಬೂಬು ಹೇಳಿಕೊಂಡು 'ಬ್ಲೂ ಬೋರ್' ಅನ್ನುವ ಹೋಟೆಲ್ಲಿನಲ್ಲಿ ಇಳಿದುಕೊಳ್ಳುತ್ತಾನೆ. ಅಮ್ಮನಿಗೆ ಬಂದ ಸಿಟ್ಟು! "ಊರಲ್ಲಿ ಮನೆ ಇಟ್ಕೊಂಡು ಹೋಟೆಲಲ್ಲಿ ಉಳ್ಕೊಂಡ್ನಾ?" ಆ ದಿನ ಕಥೆ ಮುಂದೆ ಹೋಗಲಿಲ್ಲ.

ಕೊನೆಕೊನೆಗೆ ಪಿಪ್ ಸಾಲದಲ್ಲಿ ಮುಳುಗಿ ಜ್ವರದಲ್ಲಿ ಬಿದ್ದಿರುವಾಗ ಜೋ ಬಂದು ಮಗುವಿನ ಹಾಗೆ ನೋಡಿಕೊಳ್ಳುತ್ತಾನೆ. ಒಡವೆ ಅಂಗಡಿಯ ಬಾಕಿ 123 ಪೌಂಡು ಚಿಲ್ಲರೆ. ಅದನ್ನೂ ಸದ್ದಿಲ್ಲದೆ ತೀರಿಸುತ್ತಾನೆ. ಪಿಪ್ ಚೇತರಿಸಿಕೊಂಡ ಮೇಲೆ ಒಂದು ಬೆಳಿಗ್ಗೆ ಚೀಟಿ ಬರೆದಿಟ್ಟು, ರಸೀದಿ ಅದರ ಜೊತೆಗಿಟ್ಟು, ಹೇಳದೆ ಹೊರಟುಹೋಗುತ್ತಾನೆ. ನನಗೆ ಇದು ಬರೀ ದುಃಖದ ಸಂಗತಿ ಅನ್ನಿಸಿತ್ತು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಳ್ಳೇದೇ ಮಾಡಿದ. ಇದ್ದಿದ್ರೆ ಆ ಹುಡುಗ ಉಪಕಾರ ಹೊತ್ಕೊಂಡು ಎದುರಿಗೆ ನಿಲ್ಲಬೇಕಾಗಿತ್ತು" ಅಂದರು. ಇಂಗ್ಲಿಷ್ ಒಂದಕ್ಷರ ಓದದ ನನ್ನ ಅಮ್ಮ, ನಮ್ಮ ನೋಟ್ಸಿನಲ್ಲಿ ಎಲ್ಲೂ ಇಲ್ಲದ ಮಾತು ಹೇಳಿದರು. ಎಪ್ಪತ್ತು ದಾಟಿದ ಬಾಳು ಅವರ ಹಿಂದೆ ಇತ್ತು, ಅದಕ್ಕೇ ಹೇಳಲಾಯಿತು. ಇದು ದೊಡ್ಡವನು ದೊಡ್ಡವರಿಗೆ ಹೇಳುತ್ತಿರುವ ಕಥೆ ಅಂತ ನಾನು ಮತ್ತೆ ಮತ್ತೆ ಹೇಳುತ್ತಿರುವುದು ಇದನ್ನೇ.

ವೆಮಿಕ್‌ನನ್ನು ಸಂಕ್ಷಿಪ್ತ ಪುಸ್ತಕದಲ್ಲಿ ಕಿತ್ತೇ ಹಾಕಿದ್ದರು. ವಕೀಲರ ಆಫೀಸಿನಲ್ಲಿ ಕಲ್ಲಿನಂಥ ಗುಮಾಸ್ತ, ಮನೆಗೆ ಬಂದರೆ ಕಿವಿ ಕೇಳದ ಅಪ್ಪನ ಮುದ್ದಿನ ಮಗ. ಅಪ್ಪನಿಗೆ ತಲೆಯಾಡಿಸಿದರೆ ಖುಷಿ, ತಲೆಯಾಡಿಸುತ್ತಿರಿ ಅಂತ ಬಂದವರಿಗೆಲ್ಲ ಹೇಳುತ್ತಾನೆ. ಅಪ್ಪನಿಗೆ ಸದ್ದು ಕೇಳಲಿ ಅಂತ ದಿನಾ ರಾತ್ರಿ ಒಂಬತ್ತಕ್ಕೆ ಪುಟ್ಟ ಫಿರಂಗಿ ಹಾರಿಸುತ್ತಾನೆ. ವಯಸ್ಸಾದ ತಂದೆತಾಯಿ ಮನೆಯಲ್ಲಿರುವವರು ಆ ಭಾಗ ಓದಿ ನೋಡಲಿ.

ಸಮಯ ಇಲ್ಲ ಅನ್ನುವವರ ಜೊತೆ ನನ್ನ ವಾದ ಇಲ್ಲ. ರಾತ್ರಿ ಎರಡು ಗಂಟೆ ಮೊಬೈಲ್ ನೋಡಲು ಅವರಿಗೆ ಸಮಯ ಸಿಗುತ್ತದೆ.

ಇನ್ನೊಂದು ವಿಷಯ. ಇದಕ್ಕೆ ಎರಡು ಕೊನೆಗಳಿವೆ. ಡಿಕನ್ಸ್ ಮೊದಲು ಬರೆದದ್ದರಲ್ಲಿ ಪಿಪ್ ಮತ್ತು ಎಸ್ಟೆಲ್ಲಾ ಲಂಡನ್ನಿನ ಬೀದಿಯಲ್ಲಿ ಒಂದು ಗಳಿಗೆ ಸಿಕ್ಕು ಬೇರೆಯಾಗುತ್ತಾರೆ. ಅವಳು ಆಗಲೇ ಇನ್ನೊಬ್ಬನನ್ನು ಮದುವೆಯಾಗಿರುತ್ತಾಳೆ. ಗೆಳೆಯ, ಕಾದಂಬರಿಕಾರ ಬುಲ್ವರ್-ಲಿಟನ್ ಬೇಡ ಅಂದದ್ದಕ್ಕೆ ಬದಲಾಯಿಸಿ, ಇಬ್ಬರೂ ಕೈ ಹಿಡಿದು ನಡೆಯುವ ಹಾಗೆ ಮಾಡಿದ. ಮೊದಲಿನದು ಬೆಳಕಿಗೆ ಬಂದದ್ದು ಡಿಕನ್ಸ್ ಸತ್ತ ಮೇಲೆ, ಜಾನ್ ಫಾರ್ಸ್ಟರ್ ಬರೆದ ಜೀವನಚರಿತ್ರೆಯಲ್ಲಿ. ಈಗಿನ ಮುದ್ರಣಗಳಲ್ಲಿ ಸಾಮಾನ್ಯವಾಗಿ ಹಿಂದೆ ಸೇರಿಸಿರುತ್ತಾರೆ. ಎರಡನ್ನೂ ಅಮ್ಮನಿಗೆ ಹೇಳಿದೆ. "ಮೊದಲನೇದೇ ನಿಜ. ಎರಡನೇದು ಪತ್ರಿಕೆ ಓದೋರಿಗೆ ಅಂತ ಬರೆದದ್ದು" ಅಂದರು. ನನ್ನ ಅಭಿಪ್ರಾಯವೂ ಅದೇ.

ವಿರೋಧ: ಓದದೆ ಉಳಿದದ್ದು ಮೊದಲು

ವಿರೋಧದ ಪಾಲು ನನಗೆ ಬಂದಿದೆ. ಮತ್ತೆ ಓದುವುದೇ ತಪ್ಪು ಅಂತ ನಾನು ನಂಬಿದವನಲ್ಲ, ಇಷ್ಟದ ಪುಸ್ತಕಗಳನ್ನು ನಾನೂ ಮತ್ತೆ ಓದುತ್ತೇನೆ. ಆದರೆ ಈ ಪಕ್ಷದಲ್ಲಿ ಹೇಳಬೇಕಾದ ನಿಜಗಳು ಕೆಲವು ಇವೆ.

ಮೊದಲನೆಯದು ರಚನೆ. ಪತ್ರಿಕೆಯಲ್ಲಿ ಆಗ ನಡೆಯುತ್ತಿದ್ದ ಚಾರ್ಲ್ಸ್ ಲೀವರ್‌ನ ಧಾರಾವಾಹಿ ಓದುಗರಿಗೆ ಹಿಡಿಸಲಿಲ್ಲ, ಮಾರಾಟ ಬಿತ್ತು. ಅದನ್ನು ಎತ್ತಲು ಡಿಕನ್ಸ್ ತಾನೇ ವಾರದ ಧಾರಾವಾಹಿಗೆ ಇಳಿದ. ವಾರ ವಾರ ಓದುಗರನ್ನು ಹಿಡಿದಿಡಬೇಕಾದ ಬರವಣಿಗೆ ಇದು. ಅದಕ್ಕೇ ಕಾಕತಾಳೀಯ ಇಲ್ಲಿ ಜಾಸ್ತಿ. ಎಸ್ಟೆಲ್ಲಾಳ ಅಪ್ಪ ಅದೇ ಕೈದಿ. ಅವಳ ಅಮ್ಮ ಪಿಪ್‌ಗೆ ಆ ದುಡ್ಡು ತಲುಪಿಸುವ ವಕೀಲನ ಮನೆಗೆಲಸದವಳು. ಕೈದಿಯನ್ನು ಹಾಳು ಮಾಡಿದವನೂ ಹ್ಯಾವಿಶಾಮ್‌ಗೆ ಮೋಸ ಮಾಡಿದವನೂ ಒಬ್ಬನೇ. ಹದಿನೇಳರಲ್ಲಿ ಇದು ಮೈ ಜುಮ್ಮೆನ್ನಿಸುತ್ತದೆ. ದೊಡ್ಡವರಾದ ಮೇಲೆ ಹೆಣಿಗೆಯ ಗಂಟುಗಳು ಎದ್ದು ಕಾಣುತ್ತವೆ. ಹೆಂಗಸರ ಪಾತ್ರಗಳೂ ಕಷ್ಟ. ಪಿಪ್‌ನ ಅಕ್ಕ ಜೋರು ಹೆಂಗಸು. ತಲೆಗೆ ಪೆಟ್ಟು ಬಿದ್ದು ಮಾತು ಹೋದ ಮೇಲೆಯೇ ಅವಳು ಸಾಧುವಾಗುವುದು.

ಕಥೆ ಹೇಳುವವನು ದೊಡ್ಡವನು, ಆದ್ದರಿಂದ ದೊಡ್ಡವರೇ ಓದಬೇಕು ಅನ್ನುವ ವಾದ ಕೇಳಿದ್ದೇನೆ. ಹಾಗಾದರೆ ಅಜ್ಜಿ ಹೇಳುವ ಕಥೆಯನ್ನು ಮೊಮ್ಮಕ್ಕಳು ಕೇಳಬಾರದೇ?

ನನಗೆ ನಿಜವಾಗಿ ಅಡ್ಡ ಬರುವುದು ಬೇರೆ. ನಾನು ಮುಧೋಳದ ಕಡೆಯವನು. ಹಲಗಲಿ ನಮಗೆ ಪಠ್ಯಪುಸ್ತಕದ ಹೆಸರಲ್ಲ, ಬಸ್ಸು ಹೋಗುವ ಊರು. ಕಂಪನಿ ಸರ್ಕಾರ 1857ರಲ್ಲಿ ಆಯುಧ ಒಪ್ಪಿಸಬೇಕು ಅಂತ ಕಾನೂನು ತಂದಾಗ ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರಿನಲ್ಲಿ ದಂಡು ಬಂತು, ಊರಿಗೆ ಬೆಂಕಿ ಬಿತ್ತು, ಸೆರೆ ಸಿಕ್ಕವರನ್ನು ಗಲ್ಲಿಗೇರಿಸಿದರು. ಆ ಲಾವಣಿಯನ್ನು ನಮ್ಮ ತಂದೆ ಹೊಲದ ಬದುವಿನ ಮೇಲೆ ಕೂತು ಹಾಡುತ್ತಿದ್ದರು. ಕೊನೆಗೆ ಬರುವಷ್ಟರಲ್ಲಿ ದನಿ ಗದ್ಗದವಾಗುತ್ತಿತ್ತು. ನಾವು ಮಕ್ಕಳು ಎದ್ದು ಹೋಗುತ್ತಿರಲಿಲ್ಲ.

ಅದೇ ವರ್ಷ, ಅಕ್ಟೋಬರ್ 4ರಂದು, ಡಿಕನ್ಸ್ ತನ್ನ ಗೆಳತಿ ಏಂಜೆಲಾ ಬರ್ಡೆಟ್-ಕೂಟ್ಸ್‌ಗೆ ಒಂದು ಪತ್ರ ಬರೆದ. ತಾನು ಭಾರತದಲ್ಲಿ ದಂಡನಾಯಕನಾಗಿದ್ದರೆ ಆ ಕ್ರೌರ್ಯದ ಕಳಂಕ ಹೊತ್ತ ಜನಾಂಗವನ್ನೇ ಅಳಿಸಿಹಾಕಲು ಕೈಲಾದಷ್ಟೂ ಮಾಡುತ್ತಿದ್ದೆ ಅನ್ನುವುದು ಅದರ ಸಾರ. ಕಾನ್ಪುರದಲ್ಲಿ ಇಂಗ್ಲಿಷ್ ಹೆಂಗಸರು ಮಕ್ಕಳನ್ನು ಕೊಂದ ಸುದ್ದಿ ಕೇಳಿ ಕೆರಳಿ ಬರೆದದ್ದು, ಹಲಗಲಿ ಅವನಿಗೆ ಗೊತ್ತಿರಲಿಲ್ಲ, ಒಪ್ಪುತ್ತೇನೆ. ಆದರೂ ಮೂರು ವರ್ಷದ ಮೇಲೆ ಒಬ್ಬ ಕೈದಿಗೂ ಒಬ್ಬ ಕಮ್ಮಾರನಿಗೂ ಅಷ್ಟು ಮನಸ್ಸು ಕೊಟ್ಟ ಕೈ ಅದೇ. ಹದಿನೇಳರಲ್ಲಿ ಈ ಪತ್ರ ನನಗೆ ಗೊತ್ತಿರಲಿಲ್ಲ. ಈಗ ಗೊತ್ತು. ಪಿಪ್‌ಗೆ ಬರುವ ದುಡ್ಡು ನ್ಯೂ ಸೌತ್ ವೇಲ್ಸ್‌ನಲ್ಲಿ ಮ್ಯಾಗ್‌ವಿಚ್ ಕುರಿ ಸಾಕಿ ಗಳಿಸಿದ್ದು. ಆ ನೆಲ ಮೊದಲು ಯಾರದಾಗಿತ್ತು ಅಂತ ಕಾದಂಬರಿ ಒಮ್ಮೆಯೂ ಕೇಳುವುದಿಲ್ಲ. ಮೊದಲ ಓದಿನಲ್ಲಿ ನಾನೂ ಕೇಳಿರಲಿಲ್ಲ, ಈಗ ಆ ಪುಟಗಳನ್ನು ಮನಸ್ಸು ಬಿಚ್ಚಿ ಓದಲು ಆಗುವುದಿಲ್ಲ.

ಪರವಾಗಿ ಬರೆಯುವವರು ಜೋ ಬಗ್ಗೆ ಬರೆಯುತ್ತಾರೆ ಅಂತ ಗೊತ್ತು. ಜೋ ನನಗೂ ಇಷ್ಟ, ಅದರ ಮೇಲೆ ನನ್ನ ತಕರಾರು ಏನೂ ಇಲ್ಲ.

ವಿಕ್ಟೋರಿಯಾ ಕಾಲದ ದಪ್ಪ ಕಾದಂಬರಿಯೇ ಬೇಕು ಅಂದರೆ, ಓದಿದ್ದನ್ನು ಬಿಟ್ಟು ಓದದ್ದನ್ನು ಎತ್ತಿಕೊಳ್ಳಿ. ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡಿದ್ದೀರಾ? ಅದನ್ನು ಕಟ್ಟಿಸಿದ ಇಂಗ್ಲಿಷ್ ಅಧಿಕಾರಿ, ಕಾದಂಬರಿಕಾರ ಫಿಲಿಪ್ ಮೆಡೋಸ್ ಟೇಲರ್ 1841ರಿಂದ ಸುಮಾರು ಹನ್ನೆರಡು ವರ್ಷ ಅಲ್ಲಿದ್ದ. ಬಾಲಕ ರಾಜ ವೆಂಕಟಪ್ಪ ನಾಯಕನನ್ನು ಬೆಳೆಸುವ ಹೊಣೆ ಅವನದಾಗಿತ್ತು. ಹುಡುಗ ಅವನನ್ನು 'ಅಪ್ಪಾ' ಅಂತ ಕರೆಯುತ್ತಿದ್ದ. ಅದೇ ಹುಡುಗ ದೊಡ್ಡವನಾಗಿ 1858ರಲ್ಲಿ ಇಂಗ್ಲಿಷರ ವಿರುದ್ಧ ಎದ್ದ, ಸೆರೆಯಾದ, ಅದೇ ವರ್ಷ ಗುಂಡಿಗೆ ಸತ್ತ. ಟೇಲರ್ ಕೂಡ ಆಳುವವರ ಕಡೆಯವನೇ. ಆದರೂ ಅವನು ಹದಿಹರೆಯದಲ್ಲೇ ಇಲ್ಲಿಗೆ ಬಂದವನು, ಈ ಜನರ ನಡುವೆ ಬದುಕಿದವನು. ಠಕ್ಕನೊಬ್ಬನ ತಪ್ಪೊಪ್ಪಿಗೆಯ ಹಾಗೆ ಬರೆದ ಅವನ ಮೊದಲ ಕಾದಂಬರಿ 1839ರದು. 1872ರ 'ಸೀತಾ'ದಲ್ಲಿ 1857ರ ಗಲಭೆಯ ನಡುವೆ ಇಂಗ್ಲಿಷ್ ಅಧಿಕಾರಿಯೊಬ್ಬ ಹಿಂದೂ ವಿಧವೆಯನ್ನು ಮದುವೆಯಾಗುತ್ತಾನೆ. 1878ರ 'ಎ ನೋಬಲ್ ಕ್ವೀನ್' ವಿಜಯಪುರದ ಚಾಂದ್ ಬೀಬಿಯ ಕಥೆ. ನಮ್ಮಲ್ಲಿ ಇವನ್ನು ಓದಿದವರು ಎಷ್ಟು ಜನ ಸಿಗುತ್ತಾರೆ? ಇವೆಲ್ಲ ಈಗ ಅಂತರ್ಜಾಲದಲ್ಲಿ ಬಿಟ್ಟಿ ಸಿಗುತ್ತವೆ. ಡಿಕನ್ಸ್ ಅಂತೂ ಎಲ್ಲಿಗೂ ಓಡಿಹೋಗುವುದಿಲ್ಲ, ಇವನ್ನು ಮುಗಿಸಿ ಬೇಕಾದರೆ ಅವನ ಕಡೆ ಬನ್ನಿ.